ದಬ್ಬಳ

ಭಾನುವಾರ, ಚಿಕ್ಕಪೇಟೆಯ ಬೀದಿ.
ಹಾಸಿದ ಟಾರ್ಪಾಲಿನ ಮೇಲೆ ಸ್ಪ್ಯಾನರು, ಸತ್ತ ಗಡಿಯಾರ,
ಒಂಟಿಯಾದ ಕತ್ತರಿಯ ಅಲಗು.
ನಡುವೆ ಅದು: ಗೇಣುದ್ದ ಕಬ್ಬಿಣ,
ಒಂದು ತುದಿ ಮುಳ್ಳು, ಇನ್ನೊಂದು ಎಲೆಯಂಥ ಚೂರಿ.

"ದಬ್ಬಳ ಅಮ್ಮಾ, ಗೋಣಿ ಹೊಲಿಯೋಕೆ. ನಲವತ್ತು ಕೊಡಿ"
ಎಂದರು ಖಲಂದರ್ ಸಾಬರು.

ದಬ್ಬಳಕ್ಕೆ ಕಣ್ಣಿರುತ್ತದೆ ಸಾಬರೇ.
ಇದಕ್ಕಿಲ್ಲ. ಇದು ಕಂಟ.
ಕುರುಡಾಗಿಯೇ ಬರೆಯುತ್ತಿತ್ತು.

ಹನ್ನೊಂದು ವರ್ಷದಿಂದ ಚಾಮರಾಜಪೇಟೆಯ ಕೋಣೆಯೊಂದರಲ್ಲಿ
ಓಲೆಗಳ ಧೂಳು ಒರೆಸುತ್ತೇನೆ,
ಹುಳು ತಿಂದಲ್ಲಿ ನಿಂಬೆಹುಲ್ಲಿನ ಎಣ್ಣೆ ಸವರುತ್ತೇನೆ.
ಗೀರು ಗೊತ್ತು. ಗೀರಿದ್ದು ಕೈಗೆ ಸಿಕ್ಕಿದ್ದು ಇವತ್ತೇ.

ಬರೆವಾಗ ಬರೆದವನಿಗೆ ಏನೂ ಕಾಣುತ್ತಿರಲಿಲ್ಲ.
ಹಣತೆಯ ಮಸಿಗೆ ಅವರೆಸೊಪ್ಪಿನ ರಸ ಕಲಸಿ
ತಿಕ್ಕಿ ಒರೆಸಿದ ಮೇಲೆಯೇ
ತಪ್ಪು ಕಣ್ಣಿಗೆ ಬೀಳುವುದು,
ಅಷ್ಟರಲ್ಲಿ ತಿದ್ದುವ ಹಾಗಿಲ್ಲ.

ಒಂದು ಕಟ್ಟಿನಲ್ಲಿ, ಕೆಮ್ಮಿನ ಕಷಾಯದ ನಡುವೆ,
ಯಾರೋ ಜೀರಿಗೆ ಜೀರಿಗೆ ಎಂದು ಎರಡು ಸಲ ಬರೆದಿದ್ದಾನೆ.
ನಿದ್ದೆ ತೂಗಿರಬೇಕು.
ಆ ಎರಡನೆಯ ಜೀರಿಗೆಗೆ
ನಾನು ಪ್ರತಿಸಲ ಎಣ್ಣೆ ಸ್ವಲ್ಪ ಹೆಚ್ಚೇ ಹಚ್ಚುತ್ತೇನೆ.

ಎಡ ಹೆಬ್ಬೆರಳ ಉಗುರು ಬೆಳೆಸಿ, ಅದರಲ್ಲೊಂದು ಕಚ್ಚು ಮಾಡಿ
ಕಂಟ ಆನಿಸುತ್ತಿದ್ದರಂತೆ.
ಚಿಲ್ಲರೆ ಎಣಿಸುವಾಗ ನೋಡಿದೆ,
ಸಾಬರ ಉಗುರಿನಲ್ಲೂ ಕಚ್ಚು.
"ತಾಮ್ರದ ವೈರು ಸುಲಿದೂ ಸುಲಿದೂ" ಎಂದರು,
ಹತ್ತು ರೂಪಾಯಿ ವಾಪಸು ಕೊಟ್ಟು
ದಬ್ಬಳವನ್ನು ಹಳೇ ಪೇಪರಿನಲ್ಲಿ ಸುತ್ತಿದರು.

ಬಸ್ಸು ಮಿನರ್ವ ಸರ್ಕಲ್ ದಾಟುವಷ್ಟರಲ್ಲಿ
ಮೊನೆ ಹೊರಗೆ ಬಂದಿತ್ತು,
ಯಾವುದೋ ಜಾಹೀರಾತಿನ
'ಬೇಕಾಗಿದ್ದಾರೆ' ತೂತು ಮಾಡಿಕೊಂಡು.