ಹಿಂದಿನ ಬ್ರೇಕು

"ಹಿಂದಿನ ಬ್ರೇಕು ಎಷ್ಟು ದಿನ ಬತ್ತೈತೆ ಜಬೀ?"
ಬೀಡಿ ಹಚ್ಚಿ ಮುಗಿಸುವಷ್ಟರಲ್ಲಿ
ಉತ್ತರ ಬೇಕು ಬೈರಾರೆಡ್ಡಿಗೆ.

ದಿನದ ಲೆಕ್ಕ ಇಲ್ಲ ರೆಡ್ಡಿ.
ಲಕ್ಷ ಕಿಲೋಮೀಟರು ದಾಟಿದ್ದನ್ನ ಕಂಡಿದ್ದೀನಿ,
ಇಪ್ಪತ್ತು ಸಾವಿರಕ್ಕೇ ರಿವೆಟ್ಟು ಹಲ್ಲು ಕಿರಿದದ್ದನ್ನೂ.
ಮಾವಿನ ಸುಗ್ಗಿಯಲ್ಲಿ ಎಷ್ಟು ಕ್ರೇಟು ಹೇರ್ತೀಯ,
ಮದನಪಲ್ಲಿ ಕಡೆಯ ಇಳಿಜಾರು
ಗೇರಲ್ಲಿ ಇಳಿಸ್ತೀಯೋ ಕಾಲಲ್ಲಿ ಇಳಿಸ್ತೀಯೋ,
ಅದು ನಿನಗೆ ಗೊತ್ತು, ಆ ಡ್ರಮ್ಮಿಗೆ ಗೊತ್ತು.
ಮುಂದಿನವು ಬಾಯಿಬಡುಕವು,
ಸವೆದರೆ ಕಿರ್ರೋ ಅಂತ ಊರಿಗೆಲ್ಲ ಹೇಳ್ತವೆ.
ಹಿಂದಿನವು ಮುಚ್ಚಿದ ಬಾಗಿಲ ಒಳಗಿನ ಸಂಸಾರ.
ತೆಗೆದೇ ನೋಡಬೇಕು.

ಶ್ರೀನಿವಾಸಪುರದಲ್ಲಿ ಹತ್ತು ಗಂಟೆಗೇ
ತಗಡಿನ ಶೆಡ್ಡು ಕಾವಲಿ.
ಜಾಕಿ ಕೊಟ್ಟೆ, ಚಕ್ರ ಬಿಚ್ಚಿದೆ,
ಡ್ರಮ್ಮು ತುಕ್ಕು ಕಚ್ಚಿ ಕೂತಿತ್ತು.
ಸುತ್ತಲೂ ಸುತ್ತಿಗೆ, ಅವಸರವಿಲ್ಲದೆ,
ಡಬ್, ಡಬ್, ಡಬ್,
ಆಮೇಲೊಮ್ಮೆ ಟಣ್!
ಆ ಟಣ್ಣಿಗೇ ಕಾಯುತ್ತಿದ್ದರು ನನ್ನ ಉಸ್ತಾದರು.
ಒಳಗಿನ ಕರೀ ಪುಡಿ ಊದಬೇಡ ಕಣೋ,
ಒದ್ದೆ ಬಟ್ಟೆಯಲ್ಲಿ ಒರೆಸು ಎನ್ನುತ್ತಿದ್ದರು,
ಮೂವತ್ತು ವರ್ಷ ಊದಿದವರು,
ಕೆಮ್ಮಿನ ನಡುವೆ.

ಒರೆಸಿದೆ.
ಲೈನರು ಕನ್ನಡಿಯ ಹಾಗೆ ಮಿರಮಿರ.
ಡ್ರಮ್ಮಿನೊಳಗೆ ನೀಲಿ ಕಲೆ,
ಪೆಟ್ಟು ತಿಂದ ಮೈಯಲ್ಲಿ ಏಳುತ್ತಲ್ಲ, ಅಂಥವು.
ಇದು ಮಾವಿನ ಭಾರ ಅಲ್ಲ.
ಇಳಿಜಾರೂ ಅಲ್ಲ.
ಅರ್ಧ ಎಳೆದ ಹ್ಯಾಂಡ್‌ಬ್ರೇಕಿನಲ್ಲಿ
ಯಾರೋ ಓಡಿಸಿದ್ದಾರೆ,
ನಿಧಾನವಾಗಿ, ಮತ್ತೆ ಮತ್ತೆ,
ಗಾಡಿ ಯಾಕೆ ಇಷ್ಟು ಮುನಿಸಿಕೊಂಡಿದೆ ಅಂತ ತಿಳಿಯದೆ.

ಹದಿನೇಳು ವರ್ಷ ಸ್ಟೇರಿಂಗು ಹಿಡಿದವನು ರೆಡ್ಡಿ.
ಅವನಂತೂ ಅಲ್ಲ.

ಆಗ ನೆನಪಾಯ್ತು:
ಬೆಳಿಗ್ಗೆ ಗಾಡಿ ಶೆಡ್ಡಿನೊಳಗೆ ತರಲು ಹತ್ತಿದಾಗ
ಸೀಟು ನಾಲ್ಕು ಹಲ್ಲು ಮುಂದಕ್ಕೆ ಬಂದಿತ್ತು.
ರೆಡ್ಡಿ ಆರಡಿ ಆಳು.
ಪೆಡಲಿನ ಸಂದಿಯಲ್ಲಿ ಮಣ್ಣು,
ಒಣಗಿದ ಕೆರೆಯಂಗಳದ ಬೂದು ಮಣ್ಣು,
ಮಂಡಿಗೂ ತೋಟಕ್ಕೂ ಹೋಗುವ ದಾರಿಯದಲ್ಲ.

ಎಡಗಡೆ ಬಾಗಿಲು ತೆರೆದು, ನೆಲಕ್ಕೆ ಕಾಲಿಡದೆ
ಕೂತೇ ಇದ್ದಳು ಸುಗುಣಮ್ಮ, ಅವನ ಹೆಂಡತಿ.
ದಂತವೈದ್ಯರ ಹತ್ತಿರ ಬಂದವಳಂತೆ, ಸೊಸೈಟಿಗೆ ಅಂತೆ,
ಎರಡಕ್ಕೂ ಹೋಗಿರಲಿಲ್ಲ.
ನನ್ನ ಕೈಯಲ್ಲಿದ್ದ ಡ್ರಮ್ಮನ್ನೇ ನೋಡುತ್ತಿದ್ದಳು,
ಉತ್ತರಪತ್ರಿಕೆ ನೋಡುವ ಹಾಗೆ.
ರಾತ್ರಿಯೆಲ್ಲ ಮಂಡಿಯಲ್ಲಿ ಕಾದು ಬಂದ ಗಂಡ
ಮಧ್ಯಾಹ್ನ ಗೊರಕೆ ಹೊಡೆವಾಗ
ಕೀಲಿ ಗೂಟದಲ್ಲಿ ಎಷ್ಟು ಹೊತ್ತು ತಾನೇ ತೂಗಾಡೀತು.

"ಏನಾಗಿತ್ತೋ?"
"ಕೇಬಲ್ಲು ಜಾಮ್ ಆಗಿತ್ತು ರೆಡ್ಡಿ. ಹಳೇದು."
ಸುಳ್ಳು. ಕೇಬಲ್ಲು ಎಣ್ಣೆ ಕುಡಿದು ಚೆನ್ನಾಗೇ ಇತ್ತು.

ಹೊಸ ಶೂ, ಹೊಸ ಸ್ಪ್ರಿಂಗು,
ಡ್ರಮ್ಮು ಲೇತಿಗೆ ಕೊಟ್ಟು ಅರ್ಧ ಕೂದಲೆಳೆ ಹೆರೆಸಿದೆ.
ಆಮೇಲೆ ಡ್ಯಾಶ್‌ಬೋರ್ಡು ಬಿಚ್ಚಿ ನೋಡಿದರೆ
ಹ್ಯಾಂಡ್‌ಬ್ರೇಕಿನ ಕೆಂಪು ದೀಪ
ಯಾವ ಕಾಲದಲ್ಲೋ ಸುಟ್ಟುಹೋಗಿತ್ತು.
ಪಾಪ, ಹೇಳುವವರೇ ಇರಲಿಲ್ಲ ಅವಳಿಗೆ.
ಕಡಲೆಬೀಜದಷ್ಟು ಬಲ್ಬು. ಹಾಕಿದೆ.
ರೆಡ್ಡಿಯ ಮುಖ ನೋಡುತ್ತ, ಅಂಗಡಿಗೆಲ್ಲ ಕೇಳುವಂತೆ ಹೇಳಿದೆ:
"ಮೊದಲು ಕೆಂಪು ಆರಬೇಕು.
ಆರಿದ ಮೇಲೇ ಕ್ಲಚ್ಚು ಬಿಡೋದು."
"ನನಗೇ ಪಾಠ ಹೇಳ್ತೀಯೇನೋ" ಅಂದು
ನಗುತ್ತ ಐವತ್ತು ರೂಪಾಯಿ ಮುರಿದುಕೊಂಡ.
ಬಲ್ಬು ಬಿಲ್ಲಿನಲ್ಲಿ ಬರೆದಿರಲಿಲ್ಲ.

ಎರಡು ಸುಗ್ಗಿ ಕಳೆದವು.
ಆ ಹಿಂದಿನ ಬ್ರೇಕು ಇನ್ನೂ ನನ್ನ ಹತ್ತಿರ ಬಂದಿಲ್ಲ.
ಮೊನ್ನೆ ಆಯಿಲ್ ಬದಲಿಸಲು ಬಂದಿದ್ದ ರೆಡ್ಡಿ.
ಸೀಟು ಅದೇ ನಾಲ್ಕನೇ ಹಲ್ಲಿನಲ್ಲಿ.
ಹತ್ತಿ ಕೂತ,
ಮೊಣಕಾಲು ಸ್ಟೇರಿಂಗಿಗೆ ತಾಗಿತು, ಕುಂಡೆ ಸರಿಸಿಕೊಂಡ,
ಕೆಳಗಿನ ಸರಳಿಗೆ ಕೈ ಹಾಕಲಿಲ್ಲ,
ಹಾಗೇ ಮುದುರಿಕೊಂಡು
ಚಿಂತಾಮಣಿ ರಸ್ತೆಗೆ ತಿರುಗಿಸಿದ.