ಪುಟದ ಕೊನೆ

ಡಾರ್ಲಸ್ಟನ್ನಿನಲ್ಲಿ, ವಾಲ್ಸಾಲ್ ಬಸ್ಸು ತಿರುಗುವ ಮೂಲೆಯ ಗೋದಾಮಿನಲ್ಲಿ
ನಟ್ಟು ಬೋಲ್ಟುಗಳನ್ನು ಎಣಿಸುವುದಿಲ್ಲ, ತೂಗುತ್ತಾರೆ;
ತೂಕಕ್ಕೊಂದು ಬಿಲ್ಲು.
ಬಿಲ್ಲಿನ ಪ್ರೋಗ್ರಾಮು ತೊಂಬತ್ತೊಂದರದ್ದು.
ಬರೆದ ಕ್ಲೈವ್ ಹಿಂಗ್ಲಿ ಈಗ ಕಾಲುವೆಯಲ್ಲಿ ಗಾಳ ಹಾಕುತ್ತಾನೆ,
ಫೋನು ಎತ್ತುವುದಿಲ್ಲ.

ಅದಕ್ಕೆ ಗೊತ್ತಿರುವುದು ಒಂದೇ ಬಾಗಿಲು: ಎಲ್‌ಪಿಟಿ ಒಂದು.
ಬಾಗಿಲಾಚೆ ಮೂವತ್ತು ವರ್ಷ ಕಿರುಚಿದ ಡಾಟ್ ಮ್ಯಾಟ್ರಿಕ್ಸು
ಮಂಗಳವಾರ ಸುಮ್ಮನಾಯಿತು.
ಹೊಸ ಪ್ರಿಂಟರು ಮಹಡಿಯ ಮೇಲೆ.
ಅದಕ್ಕೆ ಬಾಗಿಲಿಲ್ಲ, ಚುಕ್ಕೆ ಇಟ್ಟ ಅಂಕಿಗಳ ವಿಳಾಸ ಮಾತ್ರ.

"ಅವನು ಮೇಲಿದ್ದಾನೆ ಅಂತ ಇದಕ್ಕೆ ಹೇಳಿಬಿಡು ಮಗಾ"
ಅಂದಳು ಬೆರಿಲ್ ಫಾಕ್ಸಾಲ್, ಚಹಾದ ಲೋಟ ಮುಂದಿಟ್ಟು.
ಹೇಳಿದರೆ ಕೇಳುವ ಜಾತಿಯಲ್ಲ. ಸುಳ್ಳು ಹೇಳಿದೆ:
ಕಪ್ಪು ಕಿಟಕಿಯಲ್ಲಿ ಒಂದೇ ಸಾಲು,
ಎಲ್‌ಪಿಟಿ ಒಂದು ಎಂಬ ಹೆಸರಿನ ಬೆನ್ನಿಗೆ
ಮಹಡಿಯ ದಾರಿ ಕಟ್ಟಿದೆ.
ನಂಬಿತು. ಮುದಿ ಪ್ರೋಗ್ರಾಮುಗಳು ನಂಬುತ್ತವೆ.

ಗುಂಡಿ ಒತ್ತಿ ಹೊರಡಿಸಿದ ಮೊದಲ ಹಾಳೆಯಲ್ಲಿ
ಪೌಂಡಿನ ಗುರುತಿದ್ದಲ್ಲೆಲ್ಲ ಒಂದಕ್ಕೊಂದು ಅಂಟಿದ ಓ ಮತ್ತು ಇ,
ಅಡ್ಡಗೆರೆಯ ಜಾಗದಲ್ಲಿ
ತಲೆಯ ಮೇಲೆ ಎರಡು ಚುಕ್ಕೆ ಹೊತ್ತ ಎ-ಗಳ ಮೆರವಣಿಗೆ.
"ಜರ್ಮನಿಗೆ ಯಾವಾಗಿಂದ ಮಾರುತ್ತಿದ್ದೇವೆ?"
ಅದು ಸರಿಹೋಯಿತು. ಗುಂಡಿಯದ್ದು ಉಳಿಯಿತು.

ಪ್ರತಿ ಬಿಲ್ಲಿಗೂ ಹಳದಿ ದೀಪ ಮಿನುಗುತ್ತ ಕಾಯುತ್ತದೆ,
ಮುಗಿಯಿತೇ, ಇನ್ನೂ ಇದೆಯೇ ಎಂದು.
ಕಳಿಸಿದ್ದನ್ನೆಲ್ಲ ದಾರಿಯಲ್ಲೇ ಹಿಡಿದು ಬಿಡಿಸಿ ನೋಡಿದೆ:
ವ್ಯಾಟು, ರಿಯಾಯಿತಿ, ಹದಿನಾರು ಮಿಲಿಮೀಟರ್ ವಾಷರು, ಧನ್ಯವಾದ.
ಮುಗಿಯಿತು ಎಂಬ ಗುರುತೊಂದು ಇಲ್ಲ.

"ಹಳೆಯದರಲ್ಲಿ ಏನು ಮಾಡುತ್ತಿದ್ದಿರಿ?"
ತೋರಿಸಿದಳು, ಪ್ರಿಂಟರಿಲ್ಲದ ಮೇಜಿನ ಮೇಲೆ, ಗಾಳಿಯಲ್ಲಿ:
ಎಡಗೈ ಒತ್ತಿ, ಬಲಗೈ ಪಕ್ಕಕ್ಕೆಳೆದು
ಪರ್ರ್.

ಪುಟದ ಕೊನೆ ಇಷ್ಟು ವರ್ಷ
ಅವಳ ಮಣಿಕಟ್ಟಿನಲ್ಲಿತ್ತು.

ಹನ್ನೆರಡನೆಯ ನಂಬರಿನ ಕಾಣದ ಅಕ್ಷರವೊಂದನ್ನು
ಪ್ರತಿ ಬಿಲ್ಲಿನ ಬಾಲಕ್ಕೆ ಕಟ್ಟಿದೆ.
ಮೇಲೆಲ್ಲೋ ಹಾಳೆ ಬಿದ್ದಿರಬೇಕು, ಸದ್ದಾಗಲಿಲ್ಲ.
"ಬಂತಾ?" ಅಂದಳು. ಬಂತು ಅಂದೆ.
ಮೊದಲೆಲ್ಲ ಸದ್ದಿನಲ್ಲೇ ತಿಳಿಯುತ್ತಿತ್ತಂತೆ,
ರೈಲ್ವೆಯವರ ಉದ್ದ ಆರ್ಡರೋ, ಜಿಪುಣ ಟಾಂಕ್ಸನ ಆರು ಬೋಲ್ಟೋ.
ಈಗ ಹದಿನಾಲ್ಕು ಮೆಟ್ಟಿಲು, ನೋಯುವ ಒಂದು ಮಂಡಿ.

ಅರ್ಧ ಹತ್ತಿ ನಿಂತು ಕೆಳಗೆ ಕೂಗಿದಳು:
"ಚಹಾ ಆರುತ್ತಿದೆ, ಕುಡಿ."
ಕೈ ಮಾತ್ರ ಕಟಕಟೆ ಹಿಡಿಯದೆ
ಇನ್ನೂ ಪಕ್ಕಕ್ಕೇ ಎಳೆಯುತ್ತಿತ್ತು.