ಹತ್ತು ಅಂಕದ ಪ್ರಶ್ನೆ

ಸೋಲಾಪುರದ ವಿದ್ಯಾಪೀಠ, ಮೂರನೇ ಸತ್ರ.
ಇಪ್ಪತ್ತೆಂಟು ಬೆಂಚಿನ ಕೋಣೆಯಲ್ಲಿ
ಕನ್ನಡ ಪೇಪರಿಗೆ ಇಬ್ಬರು.
ಜಗದೇವಿ ಬಂದಿಲ್ಲ. ಮೈಂದರ್ಗಿ ಬಸ್ಸು ಕೆಟ್ಟಿರಬೇಕು,
ಇಲ್ಲಾ ಗಂಡನ ಮನೆಯವರು ಹೊರಡಗೊಟ್ಟಿಲ್ಲ.
ಹಾಗಾಗಿ ಒಬ್ಬಳು.

ಗಾಯಕವಾಡ ಸರ್ ಲಕೋಟೆ ಒಡೆದು
ಒಂದು ಪ್ರತಿ ಕೊಟ್ಟು, ಇನ್ನೊಂದರಿಂದ
ಗಾಳಿ ಬೀಸಿಕೊಂಡರು.

ಯಾವ ಕಂಪ್ಯೂಟರಿನಲ್ಲಿ ಟೈಪು ಮಾಡಿದ್ದರೋ,
ಒತ್ತಕ್ಷರ ಇದ್ದಲ್ಲೆಲ್ಲ ಖಾಲಿ ಚೌಕ.
ಪ□ಕೆ, ಉ□ರಿಸಿ. ಇವನ್ನು ತುಂಬಿಕೊಂಡೆ.
ಐದನೆಯದಕ್ಕೆ ಬಂದು ಪೆನ್ನು ನಿಂತಿತು:
‘ಕಾದಂಬರಿಯ ಅ□ನ ಪಾ□ವ□ ವಿವರಿಸಿರಿ.’

ಅಪ್ಪನೋ? ಅಣ್ಣನೋ? ಅಜ್ಜ? ಅವ್ವ?
ಪುಸ್ತಕದ ತುಂಬ ಅವರದೇ ಸಂತೆ.
‘ಸರ್, ಇದೇನು?’
ಅವರು ಚಾಳೀಸು ಏರಿಸಿ
ಚೌಕವನ್ನು ಬೆರಳಿಂದ ಒರೆಸಿದರು, ಧೂಳೇನೋ ಎಂಬಂತೆ.
ಆಫೀಸಿಗೆ ಫೋನು. ಆಫೀಸಿನಿಂದ ವಿಭಾಗಕ್ಕೆ.
ವಿಭಾಗದ ಮೇಡಂ ಅಕ್ಕಲಕೋಟದಲ್ಲಿ, ರಜೆ.
‘ತುಝಂ ತೂ ಬಘ, ಬಾಳಾ’ ಅಂದರು ಮೆತ್ತಗೆ,
ನಿನ್ನದು ನೀನೇ ನೋಡಿಕೊ.

ನೋಡಿಕೊಂಡೆ. ಅಕ್ಕ ಎಂದು ತುಂಬಿದೆ.
ಕಾದಂಬರಿಯಲ್ಲಿ ಅಕ್ಕ ಇಲ್ಲ.
ಒಂದು ಕಡೆ, ಮದುವೆಯ ಪುಟದಲ್ಲಿ,
ಯಾರೋ ಕೊಡ ಇಳಿಸಿ ಒಳಗೆ ಹೋಗುತ್ತಾಳೆ, ಅಷ್ಟೆ.
ಅವಳ ಹಿಂದೆಯೇ ನಾನೂ ಹೋದೆ.
ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು ಎಂದು ಬರೆದೆ,
ಟಾವೆಲ್ ಕಾರಖಾನೆಯಲ್ಲಿ ರಾತ್ರಿ ಪಾಳಿ ಎಂದು,
ತಂಗಿಯ ಪರೀಕ್ಷೆ ಫೀ ಕೊಡುವಾಗ
ನೋಟನ್ನು ಎರಡೆರಡು ಸಲ ಎಣಿಸುತ್ತಾಳೆ ಎಂದು.
ಹಾಳೆ ತೀರಿತು. ಪುರವಣಿ ಕೇಳಿದೆ.

ಗಂಟೆ ಹೊಡೆಯಿತು. ಕಟ್ಟಲು ಬಿಳಿ ದಾರ ಕೊಟ್ಟರು ಸರ್.
ಗಂಟು ಬಿಗಿದು, ಉಳಿದ ತುದಿಯನ್ನು
ಅಕ್ಕನ ಹಾಗೆ
ಹಲ್ಲಿನಿಂದ ಕಡಿದೆ.